ಸ್ವಯಂ ಕೋರ್ಸ್ ಮಾಡಹೊರಟು ಲೆಕ್ಕಶೀರ್ಷಿಕೆ ಕಲಿತದ್ದು

2025ರ ಆಗಸ್ಟ್‌ನಲ್ಲಿ ನಮ್ಮ ಆನ್‌ಲೈನ್ ಕೋರ್ಸಿನ ಅಂತಿಮ ಹಣಬಳಕೆ ಪ್ರಮಾಣಪತ್ರಕ್ಕೆ, ಅಂದರೆ ಅನುದಾನ ಹೇಗೆ ಖರ್ಚಾಯಿತೆಂದು ಕೊಡುವ ಲೆಕ್ಕಕ್ಕೆ, ಒಪ್ಪಿಗೆ ಬಂದಿತು. 2022ರ ಆಗಸ್ಟ್‌ನಲ್ಲಿ ಹಿಡಿದ ಕೆಲಸ ಅಲ್ಲಿಗೆ ಮುಗಿಯಿತು. ಈ ಮೂರು ವರ್ಷಗಳಲ್ಲಿ ಪಾಠ ಬರೆಯಲು ಮತ್ತು ಕ್ಯಾಮೆರಾದ ಮುಂದೆ ನಿಂತು ಹೇಳಲು ತಗುಲಿದ ಕಾಲವನ್ನು ಕೂಡಿಸಿದರೆ ಹೆಚ್ಚೆಂದರೆ ಹತ್ತು ತಿಂಗಳಾದೀತು; ಉಳಿದದ್ದೆಲ್ಲ ಕಡತದ ಹಿಂದೆ ನಡೆದ ಕಾಲ. ನನ್ನಂತೆಯೇ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಕುಳಿತು ಸರ್ಕಾರದ ಅನುದಾನದಿಂದ ಆನ್‌ಲೈನ್ ಕೋರ್ಸ್ ಮಾಡಬೇಕೆಂದಿರುವ ಅಧ್ಯಾಪಕರು ನಾನು ಎಡವಿದ ಕಡೆಗಳಲ್ಲಾದರೂ ಎಡವದಿರಲಿ ಎಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಾನು ಸಸ್ಯಶಾಸ್ತ್ರದ ಅಧ್ಯಾಪಕಿ. ಸಪುಷ್ಪ ಸಸ್ಯಗಳ ವರ್ಗೀಕರಣ ನನ್ನ ವಿಷಯ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಉದ್ಘಾಟನೆಯಾದಾಗ ನಾವೆಲ್ಲ ಅದನ್ನು ಎಂಜಿನಿಯರಿಂಗ್ ಕಾಲೇಜಿನವರ ಸಂಗತಿ ಎಂದುಕೊಂಡಿದ್ದೆವು. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಬದಲಾಗಿ, ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ವಿದ್ಯಾರ್ಥಿಗಳು ಸ್ವಯಂ ಮೂಲಕವೇ ಓದಿ ಕ್ರೆಡಿಟ್ ಪಡೆಯಬಹುದೆಂದು ಆದ ಮೇಲೆ (ಅದಕ್ಕೆ ಮೊದಲು ಈ ಮಿತಿ ಶೇ. 20 ಇತ್ತು) ನಮ್ಮ ವಿಭಾಗದಲ್ಲಿಯೂ ಚರ್ಚೆ ಶುರುವಾಯಿತು. ಮರುವರ್ಷ ಕೋರ್ಸುಗಳಿಗೆ ಪ್ರಸ್ತಾವನೆ ಕರೆದ ಸುತ್ತೋಲೆ ವಿಭಾಗಕ್ಕೆ ಬಂದಾಗ ಅಧ್ಯಕ್ಷರು ಅದನ್ನು ನನ್ನ ಮೇಜಿನ ಮೇಲಿಟ್ಟು, “ನಿಮ್ಮ ವಿಷಯಕ್ಕೆ ಚಿತ್ರ ಬೇಕೇ ಬೇಕು ಮೇಡಂ, ನೀವೇ ಮಾಡಿ” ಎಂದರು. ಹೂವಿನ ವಿಷಯ, ವಿಡಿಯೊದಲ್ಲಿ ಚೆನ್ನಾಗಿ ಬರುತ್ತದೆ ಎಂಬ ಹುಮ್ಮಸ್ಸಿನಲ್ಲಿ ನಾನೂ ಒಪ್ಪಿಕೊಂಡೆ.

ಪ್ರಸ್ತಾವನೆ ಬರೆಯಲು ಮೂರು ವಾರ ಹಿಡಿಯಿತು. ನಾಲ್ಕು ಕ್ರೆಡಿಟ್ಟಿನ ಕೋರ್ಸ್, 40 ಪಾಠಗಳು. ಪ್ರತಿ ಪಾಠಕ್ಕೂ ವಿಡಿಯೊ, ಓದುವ ಪಠ್ಯ, ಪೂರಕ ಕೊಂಡಿಗಳು ಮತ್ತು ಸ್ವಯಂ ಮೌಲ್ಯಮಾಪನದ ಪ್ರಶ್ನೆಗಳು, ಹೀಗೆ ನಾಲ್ಕು ಭಾಗಗಳಿರಬೇಕು. ‘ಫೋರ್ ಕ್ವಾಡ್ರಂಟ್’ ಎಂದೇ ಇದು ಎಲ್ಲರ ಬಾಯಲ್ಲಿ. ಹಿನ್ನೆಲೆ ಎಂಬ ಭಾಗದಲ್ಲಿ ನಾನು ತುಸು ಭಾವುಕಳಾಗಿ ಒಂದು ಪುಟ ಹೆಚ್ಚೇ ಬರೆದಿದ್ದೆ. ನಮ್ಮ ತಂದೆ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠಗಳನ್ನು ಮುಟ್ಟಿಸಿದ ಸೈಟ್ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಸೀಮೆಯ ಹಳ್ಳಿಗಳೂ ಇದ್ದವು, ಅವುಗಳಲ್ಲಿ ನಮ್ಮ ತಂದೆಯ ಶಾಲೆಯೂ ಒಂದು. ಮರುವರ್ಷ ಜುಲೈ ಕಳೆದು ಉಪಗ್ರಹದ ಅವಧಿ ಮುಗಿದ ಮೇಲೆ ಆ ಟಿವಿ ಪೆಟ್ಟಿಗೆಯ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದೆವು ಎಂದು ಅವರು ಹೇಳುತ್ತಿದ್ದರು. ಅಲ್ಲಿಂದ ಹಿಡಿದು, 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಆರಂಭವಾದ ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’, ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರದ ಹಣದಿಂದ 2003ರಲ್ಲಿ ಕಟ್ಟಿದ ಎನ್‌ಪಿಟಿಇಎಲ್ ಎಂಬ ಪಾಠಮಾಲೆ, 2004ರ ಶೈಕ್ಷಣಿಕ ಉಪಗ್ರಹ ಎಜುಸ್ಯಾಟ್, 2009ರಲ್ಲಿ ಶುರುವಾದ, ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಮಿಷನ್ ಇವನ್ನೆಲ್ಲ ದಾಟಿ ಸ್ವಯಂವರೆಗೆ ಬಂದಿದ್ದೆ. ಪರಿಶೀಲಕರು ಆ ಪುಟಕ್ಕೆ ಅಡ್ಡಗೆರೆ ಎಳೆದು “ಅನವಶ್ಯಕ” ಎಂದು ಬರೆದರು. ಅವರು ಹೇಳಿದ್ದು ಸರಿ. ಮುಂದೆ ಬರೆಯುವವರು ಆ ಜಾಗವನ್ನು ಪಾಠವಾರು ಪಟ್ಟಿಗೆ ಮತ್ತು ವೆಚ್ಚದ ವಿವರಕ್ಕೆ ಮೀಸಲಿಡಿ. ಅದರಲ್ಲೂ ವೆಚ್ಚದ ವಿವರವನ್ನು ನಾನು ಬರೆದ ಹಾಗೆ ಕೊನೆಯ ರಾತ್ರಿ ಕುಳಿತು ಬರೆಯಬೇಡಿ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಡಿಸೆಂಬರ್‌ನಲ್ಲಿ ಆನ್‌ಲೈನಿನಲ್ಲಿ ಹನ್ನೆರಡು ನಿಮಿಷದ ಮಂಡನೆ ಇತ್ತು. ವಿಷಯತಜ್ಞರ ಸಮಿತಿ ಕೇಳಿದ್ದು ಒಂದೇ ಪ್ರಶ್ನೆ: ನೀವು ಬೆಂಥಮ್ ಮತ್ತು ಹೂಕರ್ ಪದ್ಧತಿಯನ್ನೇ ಏಕೆ ಹಿಡಿದುಕೊಂಡಿದ್ದೀರಿ? ಹತ್ತೊಂಬತ್ತನೆಯ ಶತಮಾನದ ಆ ಪದ್ಧತಿಯ ಮೇಲೆಯೇ ನಮ್ಮ ಪಠ್ಯಕ್ರಮ ನಿಂತಿದೆ, ನಮ್ಮ ಒಣಸಸ್ಯ ಸಂಗ್ರಹದ ಕಪಾಟುಗಳೂ ಆ ಕ್ರಮದಲ್ಲೇ ಇವೆ ಎಂದೆ. ವಂಶವಾಹಿ ಆಧಾರಿತವಾದ, 2016ರಲ್ಲಿ ಪ್ರಕಟವಾದ ಎಪಿಜಿ-4 ಪದ್ಧತಿಯನ್ನು ಸೇರಿಸಿ ಪರಿಷ್ಕರಿಸಿ ಎಂದು ಸೂಚಿಸಿದರು. ಈ ಸೂಚನೆಯಿಂದ ನನಗೆ ನಿಜವಾದ ಲಾಭವಾಯಿತು. ತೇಗದ ಮರ ವರ್ಬಿನೇಸಿ ಕುಟುಂಬವನ್ನು ಬಿಟ್ಟು ತುಳಸಿ ತುಂಬೆಗಳ ಲೇಮಿಯೇಸಿಗೆ ಬಂದದ್ದು, ಬೂರುಗದ ಮರ ದಾಸವಾಳದ ಮನೆಗೆ ಸೇರಿದ್ದು, ಇವನ್ನೆಲ್ಲ ಎರಡೂ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ಹೇಳುವ ಎಂಟು ಪಾಠಗಳು ಹುಟ್ಟಿಕೊಂಡವು. ಈಗ ವಿದ್ಯಾರ್ಥಿಗಳು ಹೆಚ್ಚು ನೋಡುತ್ತಿರುವುದೂ ಅವನ್ನೇ. 2023ರ ಮಾರ್ಚ್‌ನಲ್ಲಿ ತಾತ್ವಿಕ ಒಪ್ಪಿಗೆಯ ಮಿಂಚಂಚೆ ಬಂದಿತು. ಮನೆಯಲ್ಲಿ ಪಾಯಸ ಮಾಡಿದೆವು. ತಾತ್ವಿಕ ಎಂಬ ವಿಶೇಷಣದ ತೂಕ ಆಗ ನನಗೆ ತಿಳಿದಿರಲಿಲ್ಲ.

ಅಲ್ಲಿಂದ ಕಾಗದಪತ್ರಗಳ ಕಾಲ. ಕುಲಸಚಿವರಿಂದ ನಿರಾಕ್ಷೇಪಣಾ ಪತ್ರ, ಒಪ್ಪಂದ ಪತ್ರ, ಪಾಠದ ವಸ್ತುವೆಲ್ಲ ಸ್ವಂತದ್ದೆಂದೂ ಹಕ್ಕುಸ್ವಾಮ್ಯದ ತಕರಾರಿಲ್ಲವೆಂದೂ ಮುಚ್ಚಳಿಕೆ, ಪ್ರತಿ ಪಠ್ಯಕ್ಕೂ ಕೃತಿಚೌರ್ಯ ತಪಾಸಣೆಯ ವರದಿ (ಹೋಲಿಕೆ ಶೇ. 10ರ ಒಳಗಿರಬೇಕು), ಐವರು ಸಹ ಅಧ್ಯಾಪಕರ ಒಪ್ಪಿಗೆ ಪತ್ರ, ಪ್ಯಾನ್, ಬ್ಯಾಂಕ್ ವಿವರ. ಹೋಲಿಕೆಯ ತಪಾಸಣೆಯಲ್ಲಿ ಒಂದು ವಿಚಿತ್ರವನ್ನು ಗಮನಿಸಿ: ಸಸ್ಯದ ಕುಟುಂಬಲಕ್ಷಣಗಳನ್ನು ಯಾರು ಬರೆದರೂ ಹೆಚ್ಚುಕಡಿಮೆ ಅದೇ ಪದಗಳಲ್ಲೇ ಬರೆಯಬೇಕಾಗುತ್ತದೆ. ನನ್ನ ಮೊದಲ ಪಠ್ಯಕ್ಕೆ ಶೇ. 31 ಹೋಲಿಕೆ ಬಂದು ಗಾಬರಿಯಾಯಿತು. ಲಕ್ಷಣಗಳನ್ನು ವಾಕ್ಯದಲ್ಲಿ ಬರೆಯದೆ ನಾವೇ ಬಿಡಿಸಿದ ಚಿತ್ರದ ಮೇಲೆ ಗುರುತಿಸಿ ತೋರಿಸತೊಡಗಿದ ಮೇಲೆ ಅಂಕಿ ಇಳಿಯಿತು, ಪಾಠವೂ ಸುಧಾರಿಸಿತು.

ಇನ್ನೊಂದು ತೊಡಕು ನಮ್ಮ ಸೀಮೆಯವರಿಗೇ ಮೀಸಲು. ಕೇಂದ್ರದ ಹಣವೆಲ್ಲ ಪಿಎಫ್‌ಎಂಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಹಾಯುತ್ತದೆ. ನಮ್ಮ ತಂಡದ ಒಬ್ಬರ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳಿವೆ: ಒಂದು ಊರಿನದು, ಒಂದು ತಂದೆಯದು. ಬ್ಯಾಂಕಿನಲ್ಲಿ ಅವು ಅಕ್ಷರಗಳಾಗಿಯೇ ಇವೆ. ಪ್ಯಾನ್ ಕಾರ್ಡಿನಲ್ಲಿ ಊರು ಮತ್ತು ತಂದೆ ಇಬ್ಬರೂ ಪೂರ್ತಿಯಾಗಿ ಬಿಡಿಸಿಕೊಂಡು ಕುಳಿತಿದ್ದಾರೆ. ಆಧಾರಿನಲ್ಲಿ ಊರು ಬಿಟ್ಟುಹೋಗಿದೆ. ಅವರ ನೋಂದಣಿ ಮೂರು ಸಲ ತಿರಸ್ಕೃತವಾಯಿತು. ಬ್ಯಾಂಕಿಗೆ ಅರ್ಜಿ ಕೊಟ್ಟು ಹೆಸರು ತಿದ್ದಿಸಿಕೊಂಡು ಬರುವಷ್ಟರಲ್ಲಿ ಏಳು ವಾರ ಕಳೆದಿತ್ತು. ಪ್ರಸ್ತಾವನೆ ಬರೆಯುವ ಮುಂಚೆಯೇ ತಂಡದವರೆಲ್ಲ ಈ ಮೂರು ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಕೊಳ್ಳುವುದು ಲೇಸು.

ಇಷ್ಟರಲ್ಲಿ ಮುಂಗಾರು ಬಂದಿತು. ವರ್ಗೀಕರಣ ಕಲಿಸುವವರಿಗೆ ಮಳೆಗಾಲವೇ ಸುಗ್ಗಿ. ಘಟ್ಟದ ಸಾಲಿನಲ್ಲಿ ನೀರು ಜಿನುಗುವ ಬಂಡೆಗಳ ಮೇಲೆ ಕರ್ಣಕುಂಡಲದ ಹೂಗಳು, ಹುಳು ಹಿಡಿಯುವ ಪುಟ್ಟ ಯುಟ್ರಿಕ್ಯುಲೇರಿಯಾ, ನೆಲದ ಆರ್ಕಿಡ್‌ಗಳು ಅರಳುವುದು ಆಗಲೇ. ಕರ್ಣಕುಂಡಲದ ಕಾಯಿ ಬಲಿತಾಗ ಮುಟ್ಟಿದರೆ ಸಿಡಿದು ಬೀಜ ಚಿಮ್ಮುತ್ತದೆ. ಪುಸ್ತಕದ ಚಿತ್ರ ತೋರಿಸಲಾರದ, ವಿಡಿಯೊ ಮಾತ್ರ ತೋರಿಸಬಲ್ಲ ಸಂಗತಿ ಅದು. ನನ್ನ 27ನೆಯ ಪಾಠವನ್ನು ಅದರ ಸುತ್ತಲೇ ಹೆಣೆದಿದ್ದೆ. ಆದರೆ ಮಂಜೂರಾತಿ ಆದೇಶ ಬಂದಿರಲಿಲ್ಲ. ಆದೇಶದ ದಿನಾಂಕಕ್ಕೆ ಮುಂಚೆ ಮಾಡಿದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹಣಕಾಸು ಶಾಖೆಯವರು ಮೊದಲೇ ಎಚ್ಚರಿಸಿದ್ದರು. ಅದಲ್ಲದೆ ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಅರ್ಜಿಯ ಜೊತೆಗೆ ಮಂಜೂರಾತಿ ಆದೇಶದ ಪ್ರತಿ ಲಗತ್ತಿಸೋಣವೆಂದರೆ ಅದೇ ಇಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳೂ ನಾನು ವಾರಕ್ಕೊಮ್ಮೆ ಟಪಾಲು ಶಾಖೆಗೆ ಹೋಗಿ ಬರುತ್ತಿದ್ದೆ. ಆವಕದ ವಹಿಯನ್ನು ತಿರುವಿ ನೋಡುವಾಗ ಹೊರಗೆ ಸುರಿಯುತ್ತಿದ್ದ ಮಳೆಯ ಸದ್ದು ಕೇಳಿ ಹೊಟ್ಟೆಯೊಳಗೆ ಆಗುತ್ತಿದ್ದ ಸಂಕಟವನ್ನು ನನ್ನ ವಿಷಯದವರಷ್ಟೇ ಅರ್ಥ ಮಾಡಿಕೊಂಡಾರು.

ಆದೇಶ ಬಂದದ್ದು ನವೆಂಬರ್‌ನಲ್ಲಿ. ಮೊದಲ ಕಂತು ಯೋಜನೆಗೆಂದೇ ತೆರೆದ ಉಳಿತಾಯ ಖಾತೆಗೆ ಬಿದ್ದದ್ದು ಡಿಸೆಂಬರ್ ಮೊದಲ ವಾರ. ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಕೊಡಬೇಕು. ಹಣ ಬಂದಿತಲ್ಲ ಎಂದು ಹಿಗ್ಗಿ, ಹೂವಿನ ಒಳಭಾಗವನ್ನು ಹತ್ತಿರದಿಂದ ಚಿತ್ರಿಸಲು ಒಂದು ಮ್ಯಾಕ್ರೋ ಲೆನ್ಸ್, ಕಾಲರ್ ಮೈಕು ಮತ್ತು ಎರಡು ಹಾರ್ಡ್‌ಡಿಸ್ಕ್ ಕೊಳ್ಳಲು ಟಿಪ್ಪಣಿ ಹಾಕಿದೆ. ಮೂರು ದಿನಗಳಲ್ಲಿ ಕಡತ ಹಿಂದಿರುಗಿತು. ಕಡತ ನೋಡುವ ವಿಷಯ ನಿರ್ವಾಹಕರು ನನ್ನನ್ನು ಕೂರಿಸಿ ತಾಳ್ಮೆಯಿಂದ ವಿವರಿಸಿದರು. ಕೇಂದ್ರದ ಸಹಾಯಾನುದಾನಕ್ಕೆ ಮೂರು ಲೆಕ್ಕಶೀರ್ಷಿಕೆಗಳಿವೆ, ಅಂದರೆ ಹಣ ಯಾವ ಬಗೆಯ ಖರ್ಚಿಗೆಂದು ಗುರುತಿಸುವ ಸಂಖ್ಯೆಗಳು: 31 ಸಾಮಾನ್ಯ ವೆಚ್ಚ, 35 ಬಂಡವಾಳ ಆಸ್ತಿ, 36 ಸಂಬಳ. “ನಿಮಗೆ ಬಂದಿರೋದೆಲ್ಲ 31ರಲ್ಲಿ ಮೇಡಂ. ಲೆನ್ಸು ಅಂದ್ರೆ ಆಸ್ತಿ, ಅದು 35. ನೀವು ಪ್ರಪೋಸಲ್‌ನಲ್ಲೇ 35ಕ್ಕೆ ಸೊನ್ನೆ ಹಾಕಿದೀರಲ್ಲ.” ಹಾಕಿದ್ದು ನಿಜ. ಕೊನೆಯ ರಾತ್ರಿ ವೆಚ್ಚದ ಪಟ್ಟಿ ತುಂಬುವಾಗ, ಸ್ಟುಡಿಯೊ ಬೇರೆಯವರದ್ದು, ನಮಗೇಕೆ ಉಪಕರಣ ಎಂದು ಆ ಮನೆಗೆ ಸೊನ್ನೆ ತುಂಬಿದ್ದೆ.

ಮೈಕು ಮತ್ತು ಹಾರ್ಡ್‌ಡಿಸ್ಕನ್ನು ಬಳಸಿ ಮುಗಿಯುವ ಸಾಮಗ್ರಿ ಎಂದು ಹೇಗೋ ಒಪ್ಪಿಸಿದೆವು. ಆಗ ಎರಡನೆಯ ಪ್ರಶ್ನೆ ಎದ್ದಿತು: ಕೇಂದ್ರದ ಹಣವಾದ್ದರಿಂದ ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲಿನಲ್ಲಿ ಕೊಳ್ಳಬೇಕೋ, ರಾಜ್ಯದ ವಿಶ್ವವಿದ್ಯಾಲಯವಾದ್ದರಿಂದ ರಾಜ್ಯದ ಸಾರ್ವಜನಿಕ ಖರೀದಿಗಿರುವ 1999ರ ಕೆಟಿಪಿಪಿ ಕಾಯ್ದೆಯ ಪ್ರಕಾರ ಹೋಗಬೇಕೋ? ಎರಡೂ ಕಡೆ ವಾದಿಸುವ ಹಿರಿಯರು ನಮ್ಮ ಆಡಳಿತ ಕಚೇರಿಯಲ್ಲಿದ್ದರು. ಒಂದು ಮೈಕಿಗಾಗಿ ಆ ಕಡತ ಐದು ಮೇಜುಗಳನ್ನು ಸುತ್ತಿತು. ಕೊನೆಗೆ ಜೆಮ್‌ನಲ್ಲೇ ಕೊಂಡೆವು. ಮೈಕು ಬಂದು ತಲುಪಿದ್ದು ಫೆಬ್ರವರಿ 19ಕ್ಕೆ. ನೀವು ಮಂಜೂರಾತಿ ಬಂದ ದಿನವೇ ಹಣಕಾಸು ಅಧಿಕಾರಿಗಳಿಂದ ಖರೀದಿಯ ವಿಧಾನದ ಬಗ್ಗೆ ಒಂದು ಸಾಲಿನ ಲಿಖಿತ ಅಭಿಪ್ರಾಯ ಪಡೆದುಬಿಡಿ. ಬಾಯಿಮಾತು ಕಡತದಲ್ಲಿ ನಿಲ್ಲುವುದಿಲ್ಲ.

ಲೆನ್ಸ್ ಸಿಕ್ಕಿದ್ದು ಊರಿನ ಮದುವೆ ಛಾಯಾಗ್ರಾಹಕರೊಬ್ಬರ ಬಳಿ. ನಿಶ್ಚಿತಾರ್ಥದ ಉಂಗುರಗಳನ್ನು ತೆಗೆಯಲು ಕೊಂಡದ್ದಂತೆ. ಮುಹೂರ್ತವಿಲ್ಲದ ದಿನಗಳಲ್ಲಿ ಮಾತ್ರ ಕೊಡುತ್ತೇನೆಂದರು. ಬಾಡಿಗೆ 31ನೆಯ ಶೀರ್ಷಿಕೆಯಲ್ಲಿ ಸಲೀಸಾಗಿ ಕುಳಿತಿತು. ಕೊಳ್ಳಲಾಗದ ವಸ್ತುವನ್ನು ಬಾಡಿಗೆಗೆ ತರಬಹುದು ಎಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ. ಹೀಗೆ ಪಂಚಾಂಗ ನೋಡಿ ಚಿತ್ರೀಕರಣದ ದಿನ ಗೊತ್ತು ಮಾಡುವ ಪರಿಪಾಠ ಬಂದಿತು. ಮಾರ್ಚ್‌ನಲ್ಲಿ ಅರಳಿದ್ದೇ ನಮ್ಮ ಪಾಠವಾಯಿತು. ಎಲೆ ಕಳಚಿದ ಮುತ್ತುಗದ ಮರ ಕೆಂಪಗೆ ಹತ್ತಿಕೊಂಡಂತೆ ನಿಂತಿತ್ತು. ಅದರ ಒಂದು ಹೂವನ್ನು ಬಿಡಿಸಿ, ಧ್ವಜದ ದಳ, ಎರಡು ರೆಕ್ಕೆಯ ದಳ, ದೋಣಿಯ ದಳ ಎಂದು ಒಂದೊಂದಾಗಿ ಕರಿಬಟ್ಟೆಯ ಮೇಲಿಟ್ಟು ತೋರಿಸಿದ ನಾಲ್ಕು ನಿಮಿಷಗಳು ಇಡೀ ಕೋರ್ಸಿನಲ್ಲಿ ನನಗೆ ಬಹಳ ಮೆಚ್ಚಿಗೆಯಾದವು. ಬೂರುಗ ಸಿಕ್ಕಿತು, ದಾಸವಾಳ ಎಂದಿನಂತೆ ಇದ್ದೇ ಇತ್ತು. ಕರ್ಣಕುಂಡಲದ ಪಾಠವನ್ನು ಒಣಸಸ್ಯದ ಹಾಳೆ ಮತ್ತು ಹಳೆಯ ಛಾಯಾಚಿತ್ರಗಳಿಂದ ಮುಗಿಸಬೇಕಾಯಿತು. ಮಂಜೂರಾತಿ ಏಪ್ರಿಲ್‌ನಲ್ಲಿ ಬಂದಿದ್ದರೆ ಕೋರ್ಸಿನ ಅರ್ಧ ಸಸ್ಯಗಳೇ ಬೇರೆಯಾಗಿರುತ್ತಿದ್ದವು. ಪಠ್ಯಕ್ರಮ ಸಮಿತಿಗಿಂತ ಆರ್ಥಿಕ ವರ್ಷವೇ ನಮ್ಮ ಪಾಠಗಳನ್ನು ಆರಿಸಿತು ಎಂದು ನಾನು ಸಹೋದ್ಯೋಗಿಗಳಿಗೆ ಹೇಳುವುದುಂಟು. ಅವರು ನಗುತ್ತಾರೆ, ನಾನು ತಮಾಷೆಗೆ ಹೇಳುವುದಿಲ್ಲ.

ಸ್ಟುಡಿಯೊ ನಮ್ಮೂರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. 2024ರ ಜನವರಿಯಿಂದ ಆಗಸ್ಟ್‌ವರೆಗೆ ಹದಿನಾಲ್ಕು ಸಲ ಹೋಗಿ ಬಂದೆ. ತರಗತಿಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ಮೊದಲ ದಿನ ಟೆಲಿಪ್ರಾಂಪ್ಟರಿನ ಮುಂದೆ ಒಂದು ಪುಟ ಓದಲು ಹನ್ನೊಂದು ಸಲ ತಡವರಿಸಿದೆ. ಎದುರಿಗೆ ತಲೆಯಾಡಿಸುವವರು, ಆಕಳಿಸುವವರು ಯಾರೂ ಇಲ್ಲದಿದ್ದರೆ ಮಾತು ಎಷ್ಟು ಅನಾಥವಾಗುತ್ತದೆಂಬುದು ಅಲ್ಲಿ ತಿಳಿಯಿತು. ಎರಡನೆಯ ವಾರದಿಂದ ನನ್ನ ಸಂಶೋಧನಾ ವಿದ್ಯಾರ್ಥಿನಿಯನ್ನು ಕ್ಯಾಮೆರಾದ ಪಕ್ಕದಲ್ಲೇ ಕೂರಿಸಿಕೊಂಡು ಅವಳಿಗೆ ಹೇಳುವಂತೆ ಹೇಳಿದೆ; ಟೆಲಿಪ್ರಾಂಪ್ಟರ್ ತೆಗೆಸಿಬಿಟ್ಟೆ. ದಿನಕ್ಕೆ ಎರಡು ಪಾಠಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಸಣ್ಣ ಗೆರೆಗಳ ಸೀರೆ ಪರದೆಯ ಮೇಲೆ ನಡುಗಿದಂತೆ ಕಾಣುತ್ತದೆ, ಹಸಿರು ಸೀರೆ ಹಸಿರು ಪರದೆಯಲ್ಲಿ ಕರಗಿಹೋಗುತ್ತದೆ. ಹೂವಿನ ವಿಷಯವೆಂದು ನಾನು ಮೊದಲ ದಿನ ಉಟ್ಟುಕೊಂಡು ಹೋದದ್ದು ಎಲೆಹಸಿರಿನ ಸೀರೆಯನ್ನೇ.

ಪ್ರಯಾಣಭತ್ಯೆಯ ಬಿಲ್ಲು ಇನ್ನೊಂದು ಕಥೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಮೊತ್ತದ ಟಿಕೆಟ್. ಮೊದಲ ಆರು ಪ್ರಯಾಣಗಳಲ್ಲಿ ಹಣ ಕೊಟ್ಟಿಲ್ಲವಲ್ಲ ಎಂದು ಆ ಟಿಕೆಟ್ಟುಗಳನ್ನು ಎಸೆದಿದ್ದೆ. ಊಟ ವಸತಿಯ ದಿನಭತ್ಯೆ ಕೇಳಿದಾಗ, ಪ್ರಯಾಣ ಮಾಡಿದ್ದಕ್ಕೆ ದಾಖಲೆ ಎಲ್ಲಿ ಎಂದರು. ಉಳಿದ ಎಂಟು ಪ್ರಯಾಣಗಳ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ಜೋಪಾನವಾಗಿ ಅಂಟಿಸಿ ಕೊಟ್ಟೆ, ಅವಕ್ಕೆ ಭತ್ಯೆ ಮಂಜೂರಾಯಿತು. ಮೊದಲ ಆರಕ್ಕೆ ಕೈಯಿಂದ ಹೋದದ್ದು ಸುಮಾರು ಒಂಬತ್ತು ಸಾವಿರ. ಸಂಭಾವನೆಯಲ್ಲಿ ಶೇ. 10 ಆದಾಯ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಆ ಕಡಿತದ ಪ್ರಮಾಣಪತ್ರವನ್ನು (ಆಗ ಅದು ನಮೂನೆ 16-ಎ) ಕೇಳಿ ಪಡೆಯಿರಿ, ತಾನಾಗಿ ಬರುವುದಿಲ್ಲ.

ಎರಡನೆಯ ಕಂತಿಗೆ ಮೊದಲ ಕಂತಿನ ಹಣಬಳಕೆ ಪ್ರಮಾಣಪತ್ರ ಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ, ಲೆಕ್ಕಪರಿಶೋಧಕರ ಮೊಹರಿನೊಡನೆ 2024ರ ಮೇ ತಿಂಗಳಲ್ಲಿ ಕಳಿಸಿದೆವು. ಜುಲೈನಲ್ಲಿ ಅದು ವಾಪಸು ಬಂದಿತು: ಬಡ್ಡಿಯನ್ನು ತೋರಿಸಿಲ್ಲ. ಉಳಿತಾಯ ಖಾತೆಯಲ್ಲಿ ನಾಲ್ಕು ತಿಂಗಳು ಮಲಗಿದ್ದ ಹಣಕ್ಕೆ 1,846 ರೂಪಾಯಿ ಬಡ್ಡಿ ಬಂದಿತ್ತು. ಆ ಬಡ್ಡಿ ನಮ್ಮದೂ ಅಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಅದನ್ನು ಭಾರತಕೋಶ್ ಪೋರ್ಟಲಿನ ಮೂಲಕ ಭಾರತದ ಸಂಚಿತ ನಿಧಿಗೆ ಕಟ್ಟಿ, ಚಲನ್ ಲಗತ್ತಿಸಬೇಕು. ಹೊಸ ಪ್ರಮಾಣಪತ್ರಕ್ಕೆ ಮತ್ತೆ ಲೆಕ್ಕಪರಿಶೋಧಕರ ಸಹಿ, ಹಣಕಾಸು ಅಧಿಕಾರಿಗಳ ಸಹಿ, ಕುಲಸಚಿವರ ಸಹಿ. ಅವರು ಆಗ ಘಟಿಕೋತ್ಸವದ ಗಡಿಬಿಡಿಯಲ್ಲಿದ್ದರು. ಎರಡನೆಯ ಮಳೆಗಾಲವೂ ಹೀಗೆ ಕೈತಪ್ಪಿತು. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟಿಗೆ ಒಬ್ಬ ವ್ಯಕ್ತಿಯೂ ಸಿಗಲಿಲ್ಲ. ಪ್ರತಿ ಮೇಜಿನಲ್ಲಿದ್ದವರೂ ತಮ್ಮ ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದರು. ಹಣ ಬಂದ ದಿನದಿಂದಲೇ ಬಡ್ಡಿಗೊಂದು ಅಂಕಣ ಹಾಕಿ ವಹಿ ಇಡಿ. ನಮ್ಮ ಆರು ತಿಂಗಳು ಹೋದದ್ದು ಆ ಒಂದು ಅಂಕಣದಲ್ಲಿ.

ಕೋರ್ಸ್ 2025ರ ಜನವರಿ ಸೆಮಿಸ್ಟರಿನಲ್ಲಿ ನಡೆಯಿತು. ಸಾವಿರಕ್ಕೂ ಹೆಚ್ಚು ಜನ ನೋಂದಾಯಿಸಿಕೊಂಡರು. ಮೇ ತಿಂಗಳ ಪರೀಕ್ಷೆ ಬರೆದವರು ನೂರರೊಳಗೆ. ಮೊದಮೊದಲು ಇದರಿಂದ ಮನಸ್ಸು ಕುಗ್ಗಿತು. ಆಮೇಲೆ ಚರ್ಚಾ ವೇದಿಕೆಯ ಪ್ರಶ್ನೆಗಳನ್ನು ಓದುತ್ತ ಹೋದಂತೆ, ಪರೀಕ್ಷೆಯ ಗೊಡವೆಯಿಲ್ಲದೆ ಬರೀ ಪಾಠ ಕೇಳಲು ಬಂದವರು ಬಹಳ ಮಂದಿ ಎಂದು ತಿಳಿಯಿತು. ಆ ವೇದಿಕೆಗೆ ದಿನಕ್ಕೊಂದು ಗಂಟೆಯಾದರೂ ಬೇಕು. ಅದಕ್ಕೆ ಯಾವ ಶೀರ್ಷಿಕೆಯಲ್ಲೂ ಹಣವಿಲ್ಲ, ತರಗತಿಯ ಕಾರ್ಯಭಾರದಲ್ಲಿ ರಿಯಾಯಿತಿಯೂ ನಮಗೆ ಸಿಗಲಿಲ್ಲ. ಕನ್ನಡದ ಉಪಶೀರ್ಷಿಕೆಗೂ ಅದೇ ಗತಿ. ನಮ್ಮ ಪದವಿ ಕಾಲೇಜುಗಳ ಮಕ್ಕಳು ಇಂಗ್ಲಿಷ್ ವಿವರಣೆಯಲ್ಲಿ ತಡವರಿಸುವುದನ್ನು ನೋಡಿ ನಾನೂ ನನ್ನ ಸಂಶೋಧನಾ ವಿದ್ಯಾರ್ಥಿನಿಯೂ ರಾತ್ರಿ ಕುಳಿತು ಹನ್ನೆರಡು ಪಾಠಗಳಿಗೆ ಕನ್ನಡ ಪಠ್ಯ ಮಾಡಿದ್ದೇವೆ; ಇನ್ನು ಇಪ್ಪತ್ತೆಂಟು ಉಳಿದಿವೆ. ಮತ್ತೊಮ್ಮೆ ಪ್ರಸ್ತಾವನೆ ಬರೆದರೆ 31ರ ಅಡಿಯಲ್ಲಿ ಅನುವಾದಕ್ಕೆ ಒಂದು ಸಾಲು, ಕೋರ್ಸ್ ನಡೆಯುವಾಗಿನ ಸಹಾಯಕರಿಗೆ ಒಂದು ಸಾಲು ಖಂಡಿತ ಬರೆಯುತ್ತೇನೆ.

ಅಂತಿಮ ಪ್ರಮಾಣಪತ್ರ ಕಳಿಸಿ ಯೋಜನಾ ಖಾತೆ ಮುಚ್ಚಿದ್ದು 2025ರ ಜುಲೈ ಎರಡನೆಯ ವಾರದಲ್ಲಿ. ಅದರ ಮುಂದಿನ ಭಾನುವಾರ ತವರಿಗೆ ಹೋಗುವ ದಾರಿಯಲ್ಲಿ ಬಸ್ಸು ಟೀ ಕುಡಿಯಲು ನಿಂತಾಗ ರಸ್ತೆಯ ಬದಿಯ ಬಂಡೆಯ ಮೇಲೆ ಕರ್ಣಕುಂಡಲ ಅರಳಿತ್ತು, ಕೆಳಗಿನ ಗೆಲ್ಲುಗಳಲ್ಲಿ ಕಾಯಿ ಬಲಿತಿತ್ತು. ಒಬ್ಬರು ಕೊಡೆ ಹಿಡಿದರು, ನಾನು ಫೋನಿನಲ್ಲೇ ಮೂರೂವರೆ ನಿಮಿಷ ತೆಗೆದೆ. ಐದನೆಯ ಕಾಯಿ ಸರಿಯಾಗಿ ಸಿಡಿಯಿತು. ಚಿತ್ರೀಕರಿಸಿದ ಪಾಠವನ್ನು ಬದಲಿಸಲು ಮತ್ತೆ ಪರಿಶೀಲನಾ ಸಮಿತಿಗೆ ಹೋಗಬೇಕು. ಪೂರಕ ಕೊಂಡಿಗಳ ಭಾಗಕ್ಕೆ ಒಂದು ಕೊಂಡಿ ಸೇರಿಸಲು ಸಂಯೋಜಕರ ಅನುಮತಿ ಸಾಕು. ಅದಕ್ಕೆ ಮಿಂಚಂಚೆ ಬರೆದಿದ್ದೇನೆ.